ಖರ್ಚಾಗದ ನೀರು

ಫಾಲ್ಗುಣ ಹಿಡಿದಿತ್ತು. ಗದ್ದೆಗಳಲ್ಲಿ ಕೂಳೆ ಒಣಗಿ ನಿಂತಿತ್ತು. ನೀರಿನ ಪಾಳಿ ಇದ್ದವರು ಮಾತ್ರ ಅಲಸಂದೆ, ಸೌತೆ ಹಾಕಿಕೊಂಡಿದ್ದರು. ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆಯ ಪಕ್ಕದ ಶೆಡ್ಡಿನಲ್ಲಿ ಪುಷ್ಪರಾಜ್ ಬೆಳಗ್ಗೆಯಿಂದ ಒಂದು ಕಬ್ಬಿಣದ ಚಕ್ರಕ್ಕೆ ಬಟ್ಟಲು ಬೆಸೆಯುತ್ತಿದ್ದ. ಪೈಪಿನ ನೀರು ಬಟ್ಟಲಿಗೆ ಬಡಿದರೆ ಚಕ್ರ ತಿರುಗುತ್ತದೆ, ಚಕ್ರ ತಿರುಗಿದರೆ ದೀಪ ಉರಿಯುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಲೈನು ಹೋದಾಗ ಈ ಕಡೆಯ ಎಷ್ಟೋ ಮನೆಗಳಲ್ಲಿ ಅವನ ಚಕ್ರದ್ದೇ ಬೆಳಕು. ತೊಂದರೆಯೆಂದರೆ, ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಹಳ್ಳ ಬತ್ತುತ್ತದೆ, ಅದರ ಜೊತೆ ವ್ಯಾಪಾರವೂ. ಉಳಿದ ತಿಂಗಳು ಗೇಟು ಬೆಸೆದು ಬದುಕುತ್ತಿದ್ದ. ಈಗ ಗೇಟುಗಳೂ ಶಿವಮೊಗ್ಗದಿಂದ ರೆಡಿಮೇಡ್ ಬರುತ್ತಿದ್ದವು. ಈ ವರ್ಷ ಬೇರೆ ದಾರಿ ಕಾಣದಿದ್ದರೆ ಲೇತ್ ಮಾರಿ ಸಾಗರದಲ್ಲಿ ಭಾವನ ಸಿಮೆಂಟ್ ಅಂಗಡಿಯಲ್ಲಿ ಕೂರಬೇಕಿತ್ತು. ಭಾವ ಕೂರುವ ಸ್ಟೂಲನ್ನೂ ತೋರಿಸಿಯಾಗಿತ್ತು.

ಬೇರೆ ದಾರಿ ಶ್ರೀಕಾಂತನ ರೂಪದಲ್ಲಿ ಬಂತು. ಸಾಗರದಲ್ಲಿ ಮೊದಲು ಎಮು ಕೋಳಿ, ಆಮೇಲೆ ಅಗರ್ ಸಸಿ ಮಾರಿಸಿದವನು ಈಗ 'ನವೀಕರಿಸಬಹುದಾದ ಇಂಧನ ರಫ್ತು ಸಲಹೆಗಾರ' ಎಂದು ಕಾರ್ಡು ಹೊಡೆಸಿಕೊಂಡಿದ್ದ. ಬೆಂಗಳೂರಿನ ಎಕ್ಸ್‌ಪೋ ಒಂದರಲ್ಲಿ ರುವಾಂಡಾದ ಕಂಪನಿಯ ಎಂಜಿನಿಯರ್ ಮೇಡಂ ಒಬ್ಬರನ್ನು ಹಿಡಿದಿದ್ದ.

"ಅವರದ್ದೂ ಗುಡ್ಡದ ಸೀಮೆ ಪುಷ್ಪಣ್ಣ. ಅವ್ರು ನೋಡಿಟ್ಟ ಹಳ್ಳ ವರ್ಷಪೂರ್ತಿ ಹರೀತಂತೆ. ಇಷ್ಟ ಆದ್ರೆ ಅರವತ್ತು ಚಕ್ರ. ಎಮರ್ಜಿಂಗ್ ಮಾರ್ಕೆಟ್ ಅಂದ್ರೆ ಇದು!"

"ಹರಿಯೋದು ಅಲ್ಲಿ, ತೋರ್ಸೋದು ಇಲ್ಲಿ. ಈ ಬಿಸ್ಲಲ್ಲಿ ಚಕ್ರನ ಎಂತ, ಎಂಜಲು ಉಗಿದು ತಿರುಗ್ಸದಾ?"

"ಅದು ಟೆಕ್ನಿಕಲ್. ನಿಂಗೆ ಬಿಟ್ಟಿದ್ದು. ಗುರುವಾರ ಬರ್ತಾರೆ."

ನೀರು ಇದ್ದದ್ದು ಗುಡ್ಡದ ಮೇಲಿನ ಕೆರೆಯಲ್ಲಿ ಮಾತ್ರ. ಬೇಸಿಗೆಯಲ್ಲಿ ಅದು ಕೆಳಗಿನ ಮನೆಗಳಿಗೆ ಪಾಳಿಯ ಮೇಲೆ. ಒಬ್ಬರಿಗೆ ಒಂದು ದಿನ. ಗುರುವಾರ ಯಮುನಮ್ಮನದು. ಪಾಳಿಯನ್ನು ಕಡ ಕೊಡುವುದು, ತೀರಿಸುವುದು ಎಲ್ಲ ಬಾಯಿಮಾತಿನಲ್ಲೇ ನಡೆಯುತ್ತಿತ್ತು. ಆದರೆ ಯಮುನಮ್ಮನ ಬಾಯಿಗೆ ಹೆದರಿ ಅವಳ ಹತ್ತಿರ ಯಾರೂ ಕೇಳುತ್ತಿರಲಿಲ್ಲ. ಪುಷ್ಪರಾಜ್ ಕೇಳಿದ.

"ನಿನ್ನ ಚಕ್ರ ಎಷ್ಟು ನೀರು ಕುಡೀತದೆ?" ಎಂದಳು.

"ಒಂದು ಹನಿನೂ ಖರ್ಚಾಗಲ್ಲ ಯಮುನಕ್ಕ. ಚಕ್ರ ತಿರುಗ್ಸಿ ಹಾಗೇ ಹೊರಗೆ ಬರ್ತದೆ."

ಬಂದ ಗಿರಾಕಿಗಳಿಗೆಲ್ಲ ಅವನು ಹೇಳುತ್ತ ಬಂದ ಮಾತು ಅದು. ಅಭ್ಯಾಸದಲ್ಲಿ ಹೇಳಿಬಿಟ್ಟ.

"ಹಂಗಾರೆ ತಿರುಗ್ಸ್ಕ. ನನ್ನ ಗಂಟೇನು ಹೋಯ್ತು?" ಎಂದಳು ಯಮುನಮ್ಮ.

ಗುರುವಾರ ಮೇಡಂ ಬಂದರು. ಮೇಲಿನ ಕೆರೆ ನೋಡಿ ಶೆಡ್ಡಿಗೆ ಬರುವ ಕಾಲುದಾರಿಯ ಇಳಿಜಾರನ್ನು ಅವರು ಆಡು ಇಳಿದಂತೆ ಇಳಿದರು. ಪಾಲಿಶ್ ಹಾಕಿದ ಬೂಟಿನ ಶ್ರೀಕಾಂತ ಮಾತ್ರ ತರಗೆಲೆಯ ಮೇಲೆ ಜಾರಿ ಅರ್ಧ ದಾರಿಯನ್ನು ಕೂತೇ ಬಂದ. ಪುಷ್ಪರಾಜ್ ತೂಬಿನ ಹಲಗೆ ಎತ್ತಿಸಿದ. ಪೈಪು ಕೆಮ್ಮಿತು, ಚಕ್ರ ಹೊರಳಿತು, ಶೆಡ್ಡಿಗೆ ತೂಗಿಸಿದ್ದ ಬಲ್ಬುಗಳೆಲ್ಲ ಒಮ್ಮೆಲೇ ಹೊತ್ತಿದವು. ಪ್ಯಾಂಟಿನ ಹಿಂಬದಿಯ ಮಣ್ಣು ಕೊಡವುತ್ತಲೇ ಶ್ರೀಕಾಂತ ಕಾರ್ಬನ್ ಕ್ರೆಡಿಟ್ಟಿನ ಭಾಷಣ ಶುರುಮಾಡಿದ. ಅವನು ನೆಟ್ ಝೀರೋಗೆ ತಲುಪುವಷ್ಟರಲ್ಲಿ ಯಮುನಮ್ಮ ತಲುಪಿದಳು.

"ಪುಷ್ಪಾ! ನನ್ನ ನೀರೆಲ್ಲೋ?"

"ಇಲ್ಲೇ ಹರೀತಾ ಇದೆಯಲ್ಲ ಅಕ್ಕ. ಖರ್ಚಾಗಿಲ್ಲ…"

"ಖರ್ಚಾಗಿಲ್ಲ ಕಣ! ಭಟ್ರ ಬಾಳೆ ಬುಡದಲ್ಲಿ ಜಮಾ ಆಗ್ಯದೆ! ನನ್ನ ಸೌತೆ ಬಾಯಿ ಬಿಡ್ತಾ ಅದೆ!"

ಪುಷ್ಪರಾಜ್ ತಿರುಗಿ ನೋಡಿದ. ಯಮುನಮ್ಮನ ಗದ್ದೆ ಇದ್ದದ್ದು ಶೆಡ್ಡಿನ ಮೇಲ್ಭಾಗದಲ್ಲಿ. ಚಕ್ರ ಬಿಟ್ಟ ನೀರು ಇಳಿದು ಹೋಗುತ್ತಿದ್ದದ್ದು ಕೆಳಗಿನ ವಿಘ್ನೇಶ್ವರ ಭಟ್ಟರ ಬಾಳೆತೋಟಕ್ಕೆ. ಮಳೆಗಾಲದಲ್ಲಿ ಇಂಥ ನೀರನ್ನು ಯಾರೂ ಕೇಳುವುದಿಲ್ಲವಾದ್ದರಿಂದ ಅದು ಎಲ್ಲಿಗೆ ಹೋಗುತ್ತದೆಂದು ಅವನು ಈವರೆಗೆ ನೋಡಿರಲೇ ಇಲ್ಲ. ಭಟ್ಟರು ಪಂಚೆ ಎತ್ತಿಕಟ್ಟಿ, ಹಾರೆ ಹಿಡಿದು, ಒಂದೊಂದೇ ಬುಡಕ್ಕೆ ಭಕ್ತಿಯಿಂದ ನೀರು ತಿರುಗಿಸುತ್ತಿದ್ದರು.

"ತಾನಾಗೇ ಬಂತು ಯಮುನಮ್ಮ," ಎಂದರು ತಲೆಯೆತ್ತದೆ. "ನಾ ಎಂತ ಕುಂಕುಮ ಕೊಟ್ಟು ಕರೆದದ್ದಲ್ಲ."

ಯಮುನಮ್ಮ ಕೆರೆಯ ಏರಿ ಹತ್ತಿ ತೂಬಿಗೆ ಹಲಗೆ ಜಡಿದಳು. ಬಲ್ಬುಗಳು ಕೆಂಪಾಗಿ, ಆರಿದವು.

"ನೀರು ಬಳಕೆದಾರರ ಸಂಘದ ಅಧ್ಯಕ್ಷೆ. ಶಟ್‌ಡೌನ್ ವ್ಯವಸ್ಥೆ ತೋರಿಸಿದರು," ಎಂದು ಶ್ರೀಕಾಂತ ಇಂಗ್ಲಿಷಿನಲ್ಲಿ ವಿವರಿಸಿದ.

ಮೇಡಂ ಏರಿಯ ಮೇಲೆ ಅಧ್ಯಕ್ಷೆ ಆಡಿಸುತ್ತಿದ್ದ ಮುಷ್ಟಿಯನ್ನು ನೋಡಿದರು. ಶ್ರೀಕಾಂತನನ್ನು ಬಿಟ್ಟು ಪುಷ್ಪರಾಜನನ್ನೇ, ನಿಧಾನದ ಇಂಗ್ಲಿಷಿನಲ್ಲಿ, ಬೇಸಿಗೆಯಲ್ಲಿ ಇಲ್ಲಿ ಏನಾಗುತ್ತದೆ ಎಂದು ಕೇಳಿದರು. ಅರವತ್ತು ಚಕ್ರ ಪುಷ್ಪರಾಜನ ಕಣ್ಣ ಮುಂದೆ ಬಂದವು, ಸ್ಟೂಲೂ ಬಂತು. ಸುಳ್ಳು ಹೇಳುವಷ್ಟು ಇಂಗ್ಲಿಷ್ ಅವನಿಗೆ ಬರುತ್ತಿರಲಿಲ್ಲ.

"ನೋ ವಾಟರ್," ಎಂದ. "ನೋ ಲೈಟ್. ಓನ್ಲಿ ಫೈಟ್."

ಮೇಡಂ ಜೋರಾಗಿ ನಕ್ಕರು. ಶ್ರೀಕಾಂತ ಹಣೆ ಹಿಡಿದುಕೊಂಡು ಅಲ್ಲೇ ಕಲ್ಲಿನ ಮೇಲೆ ಕೂತ.

ಮುಂದಿನ ವಾರ ಉತ್ತರ ಬಂತು. ಅರವತ್ತಲ್ಲ, ಮೂರು. ನೀರಿನ ಜಗಳವಿಲ್ಲದ ಮೂರು ಜಾಗ ನೋಡಿ ಕೂರಿಸುತ್ತಾರಂತೆ. ಒಂದು ವರ್ಷ ತಿರುಗಿದ ಮೇಲೆ ಉಳಿದ ಮಾತು. ಕಳಿಸುವ ಮೊದಲು ಪ್ರತಿ ಚಕ್ರವೂ ಒಂದು ಗಂಟೆ ಪೂರಾ ತಿರುಗುವ ವಿಡಿಯೋ ಬೇಕು.

"ಬಾಯಿ ಮುಚ್ಕಂಡಿದ್ರೆ ಅರವತ್ತೂ ನಮ್ದೇ," ಎಂದು ಶ್ರೀಕಾಂತ ಫೋನಿನಲ್ಲಿ ಗೋಳಾಡಿದ. ಆದರೂ ಮೂರರ ಅಡ್ವಾನ್ಸಿಗೆ ಈ ವರ್ಷ ಲೇತ್ ಉಳಿಯುತ್ತಿತ್ತು. ಈಗ ವಿಡಿಯೋಕ್ಕೆ ನೀರು ಬೇಕು. ಪುಷ್ಪರಾಜನ ಸ್ವಂತ ಪಾಳಿ ಸೋಮವಾರ.

"ಗುರುವಾರದ ಕಡಕ್ಕೆ ಈ ಸೋಮವಾರ ನಂದು," ಎಂದು ಯಮುನಮ್ಮ ಬೇಲಿಯಾಚೆಯಿಂದಲೇ ಹೇಳಿಯಾಗಿತ್ತು.

ಅವನು ಭಟ್ಟರ ಬಳಿ ಹೋದ. "ಭಟ್ರೆ, ಆವತ್ತಿನ ನೀರು ನೀವು ಉಂಡಿದ್ದು. ಯಮುನಕ್ಕನಿಗೆ ನೀವೇ ತೀರಿಸ್ಬೇಕಪ್ಪ."

"ಕಡ ಕೇಳಿದವ ನೀನು. ನಾನೆಂತಕ್ಕೆ ತೀರಿಸ್ಲಿ?" ಭಟ್ಟರು ಎಲೆಅಡಿಕೆಯ ಕವಳ ಉಗಿದು ಬಂದರು. "ಮಂಗಳವಾರ ನನ್ನ ಪಾಳಿ. ನೀರು ನನ್ನ ತೋಟಕ್ಕೆ ಬರೋ ದಾರಿಲಿ ನಿನ್ನ ಚಕ್ರ ತಿರುಗಿಸ್ಕಂಡು ಬರ್ಲಿ, ಯಾರಿಗೆಂತ ನಷ್ಟ? ಆ ಮೇಡಮ್ಮನ್ನೂ ಮಂಗಳವಾರವೇ ಕರೆದಿದ್ರೆ ಆಗ್ತಿತ್ತಲ್ಲ ಮಾರಾಯ?"

ಆಗುತ್ತಿತ್ತು. ಪುಷ್ಪರಾಜನಿಗೂ ಶ್ರೀಕಾಂತನಿಗೂ ಅದು ಹೊಳೆದಿರಲಿಲ್ಲ, ಅಷ್ಟೇ.

ಸೋಮವಾರ ಬೆಳಗ್ಗೆ ಅವನು ತನ್ನ ಪಾಳಿಯ ನೀರನ್ನು ಯಮುನಮ್ಮನ ಕಾಲುವೆಗೆ ಬಿಟ್ಟ. ಬಿಟ್ಟರೆ ಸಾಲದು, ತಿರುಗಿಸಲೂ ಅವನೇ ಬೇಕೆಂದು ಅವಳು ಹಾರೆ ಕೈಗೆ ಕೊಟ್ಟಳು. ಬಿಸಿಲು ನೆತ್ತಿಗೇರುವವರೆಗೆ ಅವನು ಸಾಲು ಸಾಲಿಗೆ ಮಣ್ಣು ಕಡಿದು ನೀರು ಹಾಯಿಸಿದ. ಕೊನೆಯ ಪಾತಿ ತುಂಬಿದಾಗ ಯಮುನಮ್ಮ ಇಳಿದು ಬಂದು ಹೆಬ್ಬೆರಳು ಊರಿ ನೋಡಿದಳು.

"ಚುಕ್ತ ಆಯ್ತಾ ಅಕ್ಕ?"

"ನಿಂದು ಆಯ್ತು." ಅವಳು ಕೆಳಗಿನ ಬಾಳೆತೋಟದ ಕಡೆ ಗದ್ದ ಎತ್ತಿದಳು. "ಅವ್ರದ್ದು ಬಾಕಿ ಅದೆ."

"ಅದೂ ಇದೂ ಒಂದೇ ನೀರಲ್ವ?"

"ನೀರು ಒಂದೇ. ಕೇಳಿದ ಬಾಯಿ ಬೇರೆ, ಕುಡಿದ ಬಾಯಿ ಬೇರೆ," ಎಂದು ಹೇಳಿ ಯಮುನಮ್ಮ ಹಾರೆ ಕಸಿದುಕೊಂಡಳು.