ಪಲ್ಲವಿ ಮಾತ್ರ ಕಲಿತವರು

ಕ್ರಿಸ್‌ಮಸ್ ಮುಗಿದು ಒಣಗಾಳಿ ಬೀಸತೊಡಗಿದ ಜನವರಿ, ಸಂಜೆ ನಾಲ್ಕರ ಹೊತ್ತು. ಪೋರ್ಟ್ ಆಫ್ ಸ್ಪೇನಿನ ಕ್ಯಾಲಿಪ್ಸೊ ಹಾಡುಗಾರರ ಟೆಂಟಿನಲ್ಲಿ ಕಾರ್ನಿವಲ್ ಹಬ್ಬದ ತಾಲೀಮು ಶುರುವಾಗಿತ್ತು. ಟೆಂಟ್ ಅನ್ನುವುದು ಹೆಸರಿಗೆ. ಇದ್ದದ್ದು ತಗಡು ಹೊದಿಸಿದ ಹಾಲ್. ವೇದಿಕೆಯ ಎಡಕ್ಕೆ ಒಂದೇ ಮೈಕಿನ ಮುಂದೆ ಹಿಮ್ಮೇಳದ ಮೂವರು ಹೆಂಗಸರು. ನಡುವೆ ನಿಂತವಳು ಯೂಲಾಲಿ. ಅವಳದು ತಗ್ಗಿನ ದನಿ, ಕೊಡದೊಳಗಿಂದ ಬಂದ ಹಾಗೆ.

ಅವಳ ಬಲಕ್ಕೆ ಬಹಳ ವರ್ಷ ಸಿಬಿಲ್ ನಿಲ್ಲುತ್ತಿದ್ದಳು. ಸಿಬಿಲಳ ದನಿ ಮೇಲೇರಿದರೆ ಹಿಂದಿನ ಬೆಂಚಿನವರೂ ಎದ್ದು ನಿಲ್ಲುತ್ತಿದ್ದರು. ಹಾಡುಗಾರ ಯಾರೆಂಬುದನ್ನು ಮರೆತವರಿಗೂ ಆ ದನಿ ನೆನಪಿರುತ್ತಿತ್ತು. ಆಮೇಲೆ ಕುತ್ತಿಗೆಯಲ್ಲಿ ಗಡ್ಡೆ ಎದ್ದಿತು, ಆಸ್ಪತ್ರೆಯಲ್ಲಿ ಕೊಯ್ದು ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಈಗ ಕುತ್ತಿಗೆಗೆ ನೀಲಿ ವಸ್ತ್ರ ಸುತ್ತಿಕೊಂಡು ಅದೇ ಟೆಂಟಿನ ಬಾಗಿಲಲ್ಲಿ ಉಪ್ಪುಮೀನಿನ ಅಕ್ರಾ ವಡೆ ಕರಿದು ಮಾರುತ್ತಿದ್ದಳು. ಮಾತಾಡಿದರೆ ಗೊರಗೊರ ಸದ್ದು.

ಟೆಂಟಿನಲ್ಲಿ ಒಂದು ಪದ್ಧತಿ. ಹಿಮ್ಮೇಳದವರಿಗೆ ಪಲ್ಲವಿ ಮಾತ್ರ ಕಲಿಸುವುದು. ಚರಣಗಳನ್ನು ಹಾಡುಗಾರ ಮೊದಲ ಪ್ರದರ್ಶನದವರೆಗೂ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತಾನೆ. ಬೇರೆ ಟೆಂಟಿನವರು ಕದ್ದರೆ ವರ್ಷವೇ ಹಾಳು. ಹಾಗಾಗಿ, ಮೈಟಿ ಬ್ಯಾರಿಸ್ಟರ್ ಎಂಬ ಹೆಸರಿಟ್ಟುಕೊಂಡು ಹಾಡುತ್ತಿದ್ದ ಕಟ್ಬರ್ಟ್ ಬಂದು, ಈ ಸಲ ನನ್ನದು ರಾಣಿಯಾಗಲು ಹೊರಟ ಕಪ್ಪೆಯ ಹಾಡು ಎಂದು ಪಲ್ಲವಿ ಹೇಳಿಕೊಟ್ಟಾಗ ಯಾರೂ ಮರುಮಾತಾಡಲಿಲ್ಲ. ಪಲ್ಲವಿ ಸಪ್ಪೆಯಾಗಿತ್ತು. ಯೂಲಾಲಿಗೆ ಸಪ್ಪೆ ಹಾಡು ಸಹಿಸಲಾಗದು. ಸಾಲಿನ ಕೊನೆಗೆ ಗಂಟಲಿನ ಆಳದಿಂದ ‘ಗ್ರೋಕ್, ಗ್ರೋಕ್’ ಎಂದು ತಾಳಕ್ಕೆ ತಕ್ಕಂತೆ ಕೂರಿಸಿದಳು. ವಾದ್ಯದವರೆಲ್ಲ ನಕ್ಕರು. ಬ್ಯಾರಿಸ್ಟರ್ ನಗಲಿಲ್ಲ. ಅವಳನ್ನೇ ನೋಡಿ, ಇದೇ ಇರಲಿ ಎಂದ.

ಮೊದಲ ಪ್ರದರ್ಶನದ ಸಂಜೆ ಹಾಲ್ ತುಂಬಿತ್ತು. ಸಿಬಿಲ್ ಬಾಣಲೆ ಇಳಿಸಿ, ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಬ್ಯಾರಿಸ್ಟರ್ ಮೊದಲ ಚರಣ ಎತ್ತಿದ. ಒಂದು ಕಪ್ಪೆ, ಅದರ ಕುತ್ತಿಗೆಗೊಂದು ನೀಲಿ ವಸ್ತ್ರ. ಯೂಲಾಲಿಯ ಬಾಯಿ ರೂಢಿಯ ಮೇಲೆ ‘ಗ್ರೋಕ್’ ಅಂದುಬಿಟ್ಟಿತು. ಎರಡನೆಯದರಲ್ಲಿ ಕಪ್ಪೆ ಬಾಗಿಲಲ್ಲಿ ಕೂತು ಅಕ್ರಾ ಕರಿಯಿತು. ಜನ ಹಿಂತಿರುಗಿ ಬೆರಳು ತೋರಿಸತೊಡಗಿದರು. ಮೂರನೆಯದರಲ್ಲಿ ಡಾಕ್ಟರು ಕಪ್ಪೆಯ ಗಂಟಲು ಕೊಯ್ದು ನೋಡಿದರೆ ಒಳಗೆ ಬರೀ ಕೊಚ್ಚೆ. ಯೂಲಾಲಿ ಹಲ್ಲು ಕಚ್ಚಿ ಬಾಯಿ ಮುಚ್ಚಿದಳು. ಅದರಿಂದ ಏನೂ ಆಗಲಿಲ್ಲ. ಇಡೀ ಹಾಲ್ ‘ಗ್ರೋಕ್, ಗ್ರೋಕ್’ ಅಂದಿತು, ಅವಳು ಕೂರಿಸಿದ ಜಾಗದಲ್ಲೇ, ಅವಳು ಕೂರಿಸಿದ ತಾಳಕ್ಕೇ. ಬಾಯಿ ತೆರೆದ ಅಷ್ಟೂ ಮುಖಗಳು, ಒಳಗಿನ ಒದ್ದೆ ನಾಲಿಗೆಗಳು. ಹಾಡು ಮುಗಿದದ್ದೇ ಅವಳು ವೇದಿಕೆ ಇಳಿದಳು.

ಪರದೆಯ ಹಿಂದೆ ಬ್ಯಾರಿಸ್ಟರ್ ಕಾಗದದ ಪೊಟ್ಟಣ ಬಿಚ್ಚಿ ತಿನ್ನುತ್ತಿದ್ದ. ಅದು ಸಿಬಿಲಳದೇ ಅಕ್ರಾ. ತುಟಿಯಿಂದ ಗಲ್ಲಕ್ಕೆ ಎಣ್ಣೆ ಇಳಿದಿತ್ತು.

“ಯಾಕೆ ಹೀಗೆ ಮಾಡ್ದೆ?” ಎಂದಳು ಯೂಲಾಲಿ.

“ಕ್ಯಾಲಿಪ್ಸೊ ಅಂದ್ರೆ ಕಾಲೆಳೆಯೋದೇ ಅಲ್ವೇನೇ? ಪ್ರಧಾನ ಮಂತ್ರೀನೇ ಬಿಟ್ಟಿಲ್ಲ ನಾವು.”

“ಪ್ರಧಾನ ಮಂತ್ರಿ ಬಾಗ್ಲಲ್ಲಿ ಕೂತು ನಿಂಗೆ ಅಕ್ರಾ ಕರೀತಾನಾ?”

ಅವನು ಒಂದೊಂದೇ ಬೆರಳು ನೆಕ್ಕಿದ. “ಹೋದಲ್ಲೆಲ್ಲಾ ಒಂದೇ ಕೇಳ್ತಾರೆ, ಆ ಮೇಲಿನ ದನಿ ಹೆಂಗ್ಸು ಎಲ್ಲಿ, ಆ ಹೆಂಗ್ಸು ಎಲ್ಲಿ ಅಂತ. ಹಾಡು ನಂದು, ಹೆಸ್ರು ಅವಳ್ದು. ಈಗ ಕೇಳ್ಲಿ ನೋಡೋಣ.” ಆಮೇಲೆ ಅದೇ ಜಿಡ್ಡು ಕೈಯನ್ನು ಅವಳ ಭುಜದ ಮೇಲಿಟ್ಟ. “ಕಪ್ಪೆ ಕೂಗು ಮಾತ್ರ ನಿಂದು ಕಣೇ. ನಂಗೆ ಅಷ್ಟು ಚೆನ್ನಾಗಿ ಹೊಳೀತಿರ್ಲಿಲ್ಲ.”

ಅವಳು ಕೈ ಕಿತ್ತು ಬಿಸಾಡಿ, ಅವನ ಬೂಟಿನ ಮೇಲೆ ಉಗುಳಿ ಹೊರಗೆ ಬಂದಳು. ಆ ಹಾಡನ್ನು ನಿಲ್ಲಿಸಿ, ಇಲ್ಲದಿದ್ದರೆ ನಾನು ಹಾಡುವುದಿಲ್ಲ ಎಂದು ಟೆಂಟಿನ ಯಜಮಾನನಿಗೆ ಹೇಳಿದಳು. ಜನ ಬರುವುದೇ ಅದಕ್ಕೆ, ನೀನು ಹೋಗಬಹುದು ಎಂದು ಅವನು ಹಲ್ಲು ಸಂದಿಯ ಕಡ್ಡಿಯನ್ನೂ ತೆಗೆಯದೆ ಹೇಳಿದ. ಮರುದಿನವೇ ಅವಳ ಜಾಗಕ್ಕೆ ಬಂದ ಹುಡುಗಿ ಅವಳ ಕೂಗನ್ನು ಅಚ್ಚು ಹೊಡೆದಂತೆ ಕೂಗಿದಳು.

ಆ ವರ್ಷ ಬೀದಿಯ ಹಾಡೇ ಅದಾಯಿತು. ಗಂಡಸರು ಅಕ್ರಾ ಕೊಂಡು, ದುಡ್ಡು ಕೊಟ್ಟು, ಸಿಬಿಲಳ ಮುಖಕ್ಕೇ ಕೂಗಿ ಹೋಗುತ್ತಿದ್ದರು. ಅತ್ತೆ ಅನ್ನುವಂತೆ ಟಾಂಟಿ ಸಿಬಿಲ್ ಎಂದು ಹಿಂದೆ ಸುತ್ತುತ್ತಿದ್ದ ಮಕ್ಕಳೂ ಕೂಗಿದರು. ಕಾರ್ನಿವಲ್ ಮಂಗಳವಾರ ಉಕ್ಕಿನ ಡ್ರಮ್ಮುಗಳ ಸ್ಟೀಲ್ ಬ್ಯಾಂಡಿನವರು ಅದನ್ನೇ ಬಾರಿಸುತ್ತಾ ಅವಳ ಮನೆ ಮುಂದೆ ಹಾದುಹೋದರು. ಕುಣಿಯುವವರ ಬೆವರು, ಕಾಲಡಿ ನುರಿದ ಕೋಳಿಮೂಳೆ, ಚರಂಡಿಯ ಪಕ್ಕ ವಾಂತಿ. ಅದನ್ನೆಲ್ಲ ದಾಟಿಕೊಂಡು ಯೂಲಾಲಿ ಒಳಗೆ ಹೋದಾಗ ಸಿಬಿಲ್ ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದಳು.

“ಚರಣ ನಂಗೆ ಗೊತ್ತಿರ್ಲಿಲ್ಲ ಸಿಬಿಲ್.”

“ಗೊತ್ತು. ಇಷ್ಟು ವರ್ಷ ನಾನೂ ಪಲ್ಲವಿ ಮಾತ್ರ ಕಲಿತೋಳೇ.” ಸಿಬಿಲ್ ಉಸಿರೆಳೆದು ಎಳೆದು ಮಾತಾಡಿದಳು. “ಎಷ್ಟು ಜನರ ಮಾನ ಹರಾಜು ಹಾಕಿದ್ವೋ ನಾವಿಬ್ರು, ಎಷ್ಟು ಇಂಪಾಗಿ. ಅವ್ರು ಯಾರೂ ಬಾಗ್ಲಲ್ಲಿ ನಿಂತಿರ್ಲಿಲ್ಲ ಅಷ್ಟೇ.”

ಯೂಲಾಲಿ ಏನೋ ಹೇಳಹೊರಟಳು.

“ಬೇಡ ಕಣೇ,” ಎಂದಳು ಸಿಬಿಲ್. “ನಿನ್ನ ಮೇಲೆ ಸಿಟ್ಟಿಲ್ಲ. ನಿನ್ನ ದನಿ ಕೇಳಿದ್ರೆ ಮಾತ್ರ ಅಸಹ್ಯ ಆಗುತ್ತೆ. ಬಂದಿದ್ದೀಯ, ಬಾ, ಪೆಟ್ಟಿಗೆ ಹಿಡ್ಕೋ. ಮಾತಾಡ್ಬೇಡ.”

ಬಂದರಿನವರೆಗೂ ಪೆಟ್ಟಿಗೆಯ ಒಂದು ಹಿಡಿ ಇವಳ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ಹಡಗಿಗೆ ಕಾದು ಅಲ್ಲೇ ಬೆಂಚಿನ ಮೇಲೆ ಕೂತರು. ಬೆಳಗಾಗಿ, ಜನ ಹಣೆಗೆ ಬೂದಿ ಇಡಿಸಿಕೊಂಡು ಚರ್ಚಿನಿಂದ ಬರುವ ಹೊತ್ತಿಗೆ, ಸಿಬಿಲ್ ಟೊಬೇಗೊ ದ್ವೀಪದಲ್ಲಿದ್ದ ಅಕ್ಕನ ಮನೆಗೆಂದು ಹೊರಟುಹೋದಳು. ಅವತ್ತು ವಿಭೂತಿ ಬುಧವಾರ, ಕಾರ್ನಿವಲ್ಲಿನ ಹಾಡುಗಳೆಲ್ಲ ನಿಂತು ಉಪವಾಸ ಶುರುವಾಗುವ ದಿನ.