ಕವರು, ಪೇಸ್ಟು ಮತ್ತು ನೀಲಿ ಉಣ್ಣೆ

ನನ್ನ ಹಳೇ ಕಾರಿನ ಎಂಜಿನ್ ಹಿಂಬದಿಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ವಯಸ್ಸಾಗಿದೆ ಪಾಪ, ತೊಟ್ಟಿಕ್ಕಿದರೆ ತೊಟ್ಟಿಕ್ಕಲಿ ಎಂದುಕೊಂಡಿದ್ದೆ. ಆದರೆ ಆ ಎಣ್ಣೆ ನನ್ನ ಚಪ್ಪಲಿಗೆ ಅಂಟಿ ಶೆಡ್ಡಿನಿಂದ ಅಡುಗೆಮನೆಯವರೆಗೆ ನಡೆದು ಬಂದ ದಿನ ಹೆಂಡತಿ ಖಡಾಖಂಡಿತವಾಗಿ ಹೇಳಿಬಿಟ್ಟಳು.

"ನೋಡ್ರೀ, ಎರಡು ಸಲ ರಿಪೇರಿ ಮಾಡಿದ್ರಿ, ಎರಡು ಸಲಾನೂ ಸೋರ್ತು. ಇನ್ನು ಒಂದೇ ಒಂದು ತೊಟ್ಟು ಬಿದ್ರೂ ಕಾರು ಎದುರುಮನೆ ಹಲ್ಲಿನ ಡಾಕ್ಟರಿಗೆ. ನಾನೇ ಹೋಗಿ ಬೀಗದಕೈ ಕೊಟ್ಟು ಬರ್ತೀನಿ."

ಆ ಡಾಕ್ಟರೋ, ನನ್ನ ಕಾರು ಕೊಳ್ಳಲು ತುದಿಗಾಲಲ್ಲಿ ನಿಂತಿದ್ದ ಆಸಾಮಿ. ದಿನಾ ಬೆಳಿಗ್ಗೆ ಬಂದು ಬಾನೆಟ್ ಸವರಿ ಹೋಗುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಗುಜರಿ ಅಂಗಡಿಯಿಂದ ತಂದು, ಒಂದೊಂದೇ ನಟ್ಟು ಹುಡುಕಿ ಎಬ್ಬಿಸಿ ನಿಲ್ಲಿಸಿದ ಕಾರು ಅದು. ಅವನಿಗೆ ಕೊಡುವುದಂತೆ!

ಸರಿ, ಮೂರನೇ ಸಲ ಗೇರ್‌ಬಾಕ್ಸ್ ಇಳಿಸಿದೆ, ಫ್ಲೈವೀಲ್ ಬಿಚ್ಚಿದೆ. ಅದರ ಹಿಂದೆ, ತಿರುಗುವ ಶಾಫ್ಟನ್ನು ತಬ್ಬಿಕೊಂಡ ರಬ್ಬರ್ ಸೀಲು. ಆ ಸೀಲನ್ನು ಹಿಡಿದಿಟ್ಟುಕೊಳ್ಳುವ ಅಲ್ಯೂಮಿನಿಯಂ ಕವರು. ಕವರು ಎಂಜಿನ್ನಿಗೆ ಕೂರುವ ಅಂಚಿನಲ್ಲೇ ಸೋರುತ್ತಿತ್ತು ಹಾಳಾದ್ದು. ಸೋರದಂತೆ ಅಂಚಿಗೆ ಹಚ್ಚಿದ್ದ ಹಳೇ ಪೇಸ್ಟು ಕೆರೆದೆ, ಅಂಚು ಒರೆಸಿದೆ, ಹೊಸ ಸೀಲು ಕೂರಿಸಿದೆ, ಬೋಲ್ಟಿನ ತೂತುಗಳ ಸುತ್ತಲೂ ತೆಳ್ಳಗೆ ಹೊಸ ಪೇಸ್ಟು ಎಳೆದೆ. ಕವರು ಇಟ್ಟು ಬೋಲ್ಟುಗಳನ್ನು ಬೆರಳಲ್ಲೇ ತಿರುಗಿಸಿ, ಸ್ಪ್ಯಾನರಿಗೆ ಕೈ ಚಾಚಿದೆ.

ಹೆಂಡತಿ ಬಾಗಿಲಲ್ಲಿ ನಿಂತು, ಕನ್ನಡಕ ಏರಿಸಿಕೊಂಡು, ಪೇಸ್ಟಿನ ಟ್ಯೂಬು ಓದುತ್ತಿದ್ದಳು.

"ಬೆರಳಲ್ಲಿ ಬಿಗಿ ಮಾಡಿ ಒಂದು ಗಂಟೆ ಬಿಡಬೇಕಂತೆ. ಹಸಿ ಇದ್ದಾಗಲೇ ಸ್ಪ್ಯಾನರ್ ಹಾಕಿದ್ರೆ ಪೇಸ್ಟೆಲ್ಲ ಆಚೆ ಬಂದ್ಬಿಡುತ್ತಂತೆ. ಹಿಂದಿನ ಸಲ ಬಿಟ್ಟಿದ್ರಾ?"

"ಒಂದು ಗಂಟೆ! ನಾನೇನು ಮೊಟ್ಟೆಗೆ ಕಾವು ಕೂತ ಕೋಳೀನಾ?"

"ಗೊತ್ತಾಯ್ತು ಬಿಡಿ. ಕೈ ತೊಳ್ಕೊಂಡು ಬನ್ನಿ, ನಂಗೆ ಸ್ವಲ್ಪ ಸಹಾಯ ಬೇಕು."

ಕುರ್ಚಿಯಲ್ಲಿ ಕೂರಿಸಿ, ಚಾಚಿದ ನನ್ನೆರಡು ಕೈಗಳಿಗೂ ನೀಲಿ ಉಣ್ಣೆಯ ಲಡಿ ತೊಡಿಸಿದಳು. ಎದುರಿಗೆ ಕೂತು ಉಂಡೆ ಸುತ್ತತೊಡಗಿದಳು. ಎಷ್ಟು ನಿಧಾನ ಅಂತೀರಿ! ಮೂಗು ತುರಿಸಿದರೆ ಕೆರೆದುಕೊಳ್ಳುವಂತಿಲ್ಲ. ಗೊಣಗಿದೆ, ಬೈದೆ, ಏಳಹೋದರೆ "ಗಂಟಾಗತ್ತೆ, ಸುಮ್ನೆ ಕೂತ್ಕೊಳ್ರೀ" ಎಂದು ಗದರಿದಳು. ರಸ್ತೆಗಿಳಿದ ಮೊದಲ ದಿನವೇ ಬ್ರೇಕು ಹಿಡಿಯದೆ ಕಾರು ಡಾಕ್ಟರ ಹೂವಿನ ಕುಂಡಗಳಿಗೆ ನುಗ್ಗಿದ್ದು ನೆನಪಾಗಿ ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಲಡಿ ಮುಗಿಯುವಷ್ಟರಲ್ಲಿ ಗಂಟೆ ದಾಟಿತ್ತು. ಆಮೇಲೆ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದೆ.

ಭಾನುವಾರ ಎಲ್ಲ ಜೋಡಿಸಿ, ಇಬ್ಬರೂ ಊರೆಲ್ಲ ಸುತ್ತಿ ಬಂದೆವು. ಶೆಡ್ಡಿನಲ್ಲಿ ಕಾರಿನ ಕೆಳಗೆ ಅವಳೇ ಒಂದು ಬಿಳಿ ಬಟ್ಟೆ ಹಾಸಿದಳು. ಬೆಳಿಗ್ಗೆ ಎದ್ದವನೇ ಮಂಡಿಯೂರಿ ಅದನ್ನು ಎಳೆದೆ. ಒಂದು ಚುಕ್ಕೆಯೂ ಇರಲಿಲ್ಲ.

"ಲೇ, ಸೋರಿಲ್ಲ ಕಣೇ!" ಎಂದು ಬಟ್ಟೆ ಹಿಡಿದು ಒಳಗೆ ಓಡಿದೆ. ಅಷ್ಟು ಖುಷಿಯಾಗಿತ್ತು. "ಬೇರೆ ಬಾನೆಟ್ ನೋಡ್ಕೋ ಅಂತ ಆ ಡಾಕ್ಟರಿಗೆ ಹೇಳ್ತೀನಿ. ಅಂದ ಹಾಗೆ, ಆ ನೀಲಿ ಉಣ್ಣೇಲಿ ಏನು ಹೆಣೀತಿದೀಯ?"

"ಏನೂ ಇಲ್ಲ." ಅವಳು ತಲೆ ಎತ್ತಲಿಲ್ಲ. "ಅದು ಅಂಗಡಿಯಿಂದ ಉಂಡೆಯಾಗೇ ಬಂದಿತ್ತು ರೀ. ಟ್ಯೂಬು ಮೊದಲೇ ಓದಿದ್ದೆ, ನೀವು ಹಳೇ ಪೇಸ್ಟ್ ಕೆರೀತಿದ್ದಾಗ ಕೂತು ಉಂಡೇನ ಪೂರ್ತಿ ಬಿಚ್ಚಿ ಲಡಿ ಮಾಡ್ದೆ. ನಿಮ್ಮ ಕೈ ಕಟ್ಟಿಹಾಕೋಕೆ ಇನ್ನೇನು ಮಾಡ್ಲಿ? ಕಾರು ನಂಗೂ ಬೇಕಲ್ಲ!"