ಎಡಗಡೆಯ ಡೆಂಟು

ವಿದೇಶದಿಂದ ರಜೆಗೆ ಬಂದವನು ಮೊದಲ ವಾರ ನೆಂಟರ ಮನೆಗಳಿಗೆ ಚಾಕೊಲೇಟ್ ಹಂಚುತ್ತಾನೆ, ಎರಡನೇ ವಾರ ಟ್ರಾಫಿಕ್ಕನ್ನು ಬೈಯುತ್ತಾನೆ, ಮೂರನೇ ವಾರ ಸೂಟ್‌ಕೇಸಿನ ತೂಕ ನೋಡುತ್ತಾನೆ. ಮೆಲ್ಬರ್ನಿನಿಂದ ಬಂದಿದ್ದ ಶಶಿಕುಮಾರ್ ಮೊದಲೆರಡನ್ನು ಲಕ್ಷಣವಾಗಿ ಮುಗಿಸಿದ್ದ. ಮೂರನೇ ವಾರದ ಬುಧವಾರ ಬೆಳಿಗ್ಗೆ, ಭಾನುವಾರದ ವಿಮಾನಕ್ಕೆ ನಾಲ್ಕೇ ದಿನ ಇರುವಾಗ, ಹೆಗ್ಗನಹಳ್ಳಿಯ ಒಂದು ಶೀಟಿನ ಮನೆಯ ಬಾಗಿಲಲ್ಲಿ ನಿಂತು, ಕಲಾ ಎಂಬ ಹುಡುಗಿಗೆ, "ನಿಮ್ಮಮ್ಮನ್ನ ಹೊಡೆದಿದ್ದು ಲಾರಿ ಅಲ್ಲ, ಕಾರು. ಅದನ್ನ ರಿಪೇರಿ ಮಾಡಿದ್ದು ನಾನೇ," ಎಂದು ಹೇಳಿಬಿಟ್ಟ.

ಒಂಬತ್ತು ವರ್ಷದ ಹಿಂದೆ ಹೆಗ್ಗನಹಳ್ಳಿಯ ರಸ್ತೆ ಮಾಗಡಿ ರೋಡಿಗೆ ಕೂಡುವಲ್ಲಿ ಅವನ ಟಿಂಕರಿಂಗ್ ಶೆಡ್ ಇತ್ತು. ಗುದ್ದಿಸಿಕೊಂಡು ಬಂದ ಕಾರುಗಳ ತಗಡು ತಟ್ಟಿ, ಪುಟ್ಟಿ ಮೆತ್ತಿ, ಬಣ್ಣ ಹೊಡೆದು ಕಳಿಸುವ ಕೆಲಸ. ಕೈ ಒಳ್ಳೆಯದಿತ್ತು. ಡೆಂಟಿನ ಮೇಲೆ ಅಂಗೈ ಆಡಿಸಿ, ಕಂಬಕ್ಕೆ ಗುದ್ದಿದ್ದೋ, ಗೋಡೆಗೆ ಉಜ್ಜಿದ್ದೋ, ನಾಯಿಗೆ ಬಡಿದದ್ದೋ ಹೇಳುತ್ತಿದ್ದ. ಮಾಲೀಕರು ಹೇಳುವ ಕಥೆ ಕೇಳುವ ಗೋಜಿಗೇ ಹೋಗುತ್ತಿರಲಿಲ್ಲ. ಆಸ್ಟ್ರೇಲಿಯಾದಲ್ಲಿ ಇಂಥ ಕೈಗಳಿಗೆ ಕೆಲಸವಿದೆ ಎಂದು ಏಜೆಂಟನೊಬ್ಬ ಕಾಗದ ಪತ್ರವೆಲ್ಲ ಮಾಡಿಸಿದ್ದ. ಪಾಸ್‌ಪೋರ್ಟಿನ ಪೊಲೀಸ್ ವೆರಿಫಿಕೇಶನ್ ಮಾತ್ರ ನಾಲ್ಕು ತಿಂಗಳಿಂದ ಸ್ಟೇಷನ್ನಿನಲ್ಲೇ ಕೂತಿತ್ತು. ಸರಿಯಾಗಿ ಹೇಳಬೇಕೆಂದರೆ, ಸಬ್ ಇನ್‌ಸ್ಪೆಕ್ಟರ್ ಲಕ್ಷ್ಮೀಪತಿ ಅದರ ಮೇಲೆ ಕೂತಿದ್ದ.

ಒಂದು ದಿನ ಬೆಳಿಗ್ಗೆ ಏಳಕ್ಕೆ ಆ ಲಕ್ಷ್ಮೀಪತಿಯೇ ಒಂದು ಬಿಳಿ ಕಾರನ್ನು ತಂದು ಶೆಡ್ಡಿನೊಳಗೆ ನುಗ್ಗಿಸಿ ಷಟರ್ ಎಳೆಸಿದ.

"ವೆಂಕಟಗಿರಿ ಸಾಹೇಬ್ರ ಮಗಂದು. ಎಮ್ಮೆ ಅಡ್ಡ ಬಂತಂತೆ. ಸಂಜೆಗೆ ಹೊಸದಾಗ್ಬೇಕು," ಎಂದ.

ವೆಂಕಟಗಿರಿ ಎಂದರೆ ಆ ಕಡೆಯ ಅರ್ಧ ಲೇಔಟುಗಳನ್ನು ಮಾಡಿ ಮಾರಿದವನು. ಅವನ ಮನೆಯ ಗೃಹಪ್ರವೇಶಕ್ಕೆ ಇಡೀ ಸ್ಟೇಷನ್ನೇ ಊಟಕ್ಕೆ ಹೋಗಿತ್ತು. ಅಂಥವನ ಮಗನ ಕಾರಿಗೆ ಅಡ್ಡ ಬರುವುದು ಎಮ್ಮೆಯದೇ ತಪ್ಪಲ್ಲವೇ?

ಎಡಗಡೆಯ ಹೆಡ್‌ಲೈಟ್ ಪುಡಿಯಾಗಿತ್ತು. ಬಾನೆಟ್ಟಿನ ಎಡಭಾಗ ಬಟ್ಟಲಿನ ಹಾಗೆ ಒಳಗೆ ಹೋಗಿತ್ತು. ಅದರ ಮೇಲಿನ ಧೂಳಿನಲ್ಲಿ ಎರಡು ಅಂಗೈ ಗುರುತುಗಳಿದ್ದವು, ಹತ್ತು ಬೆರಳೂ ಬಿಡಿಸಿಕೊಂಡಿದ್ದವು. ಎಮ್ಮೆಗೆ ಅಂಗೈ ಇರುವುದಿಲ್ಲ. ಶಶಿ ಹಸಿ ಬಟ್ಟೆ ತಗೊಂಡು ಒರೆಸಿದ.

ಒಂಬತ್ತಕ್ಕೆ ಟೀ ಅಂಗಡಿಯ ಬೈರಯ್ಯ ಷಟರಿನ ಸಂದಿಯಲ್ಲಿ ಲೋಟ ತೂರಿಸುತ್ತಾ, ರಸ್ತೆ ಗುಡಿಸುವ ಹೊನ್ನವ್ವನನ್ನು ಐದೂವರೆಗೆ ಯಾವುದೋ ಗಾಡಿ ಹೊಡೆದು ಹೋಯಿತಂತೆ, ಅಲ್ಲೇ ಜೀವ ಹೋಯಿತಂತೆ ಎಂದ. ಹೊನ್ನವ್ವ ಯಾದಗಿರಿ ಕಡೆಯವಳು. ದಿನಾ ಶೆಡ್ಡಿನ ಮುಂದೆ ಗುಡಿಸಿ, "ತಮ್ಮಾ, ಚಾ ಆತೇನು?" ಎನ್ನುತ್ತಿದ್ದಳು. ಇವನು ತನ್ನ ಟೀಯಲ್ಲಿ ಅರ್ಧ ಬಗ್ಗಿಸಿ ಕೊಡುತ್ತಿದ್ದ.

ಬೈರಯ್ಯ ಆ ಮಾತು ಹೇಳುವಾಗ ತಗಡು ಅರ್ಧ ಮೇಲೆದ್ದಿತ್ತು. ಇನ್ನರ್ಧ ಹಾಗೇ ಬಿಟ್ಟು ಷಟರ್ ಎತ್ತಬಹುದಿತ್ತು. ಶಶಿ ಟೀ ಕುಡಿದ, ಸುತ್ತಿಗೆ ಕೈಗೆ ತಗೊಂಡ. ಸಂಜೆಗೆ ಕಾರು ಹೊಸದಾಯಿತು. ಮೂರನೇ ದಿನಕ್ಕೆ ವೆರಿಫಿಕೇಶನ್ ಮುಗಿಯಿತು. ಗೊತ್ತಿಲ್ಲದೆ ಮಾಡಿದ ಅರ್ಧ ಕೆಲಸದ ಬಗ್ಗೆ ಅವನು ಎಂದೂ ತಲೆ ಕೆಡಿಸಿಕೊಂಡವನಲ್ಲ. ಗೊತ್ತಾದ ಮೇಲೆ ಮಾಡಿದ ಅರ್ಧವೇ ಅವನನ್ನು ತಿನ್ನುತ್ತಾ ಬಂದದ್ದು.

ಮೆಲ್ಬರ್ನಿನಲ್ಲಿ ಕೆಲಸ ಅವನ ಕೈ ಹಿಡಿಯಿತು. ಸಂಬಳಕ್ಕೆ ಸೇರಿದವನು ಐದು ವರ್ಷದಲ್ಲಿ ಸ್ವಂತ ವರ್ಕ್‌ಶಾಪ್ ಮಾಡಿದ. ಆರು ಜನ ಕೆಲಸದವರು, ಹೆಂಡತಿ, ಸ್ಕೂಲಿಗೆ ಹೋಗುವ ಮಗಳು, ಗೋಡೆಯ ಮೇಲೆ ಅಲ್ಲಿಯ ಕೌನ್ಸಿಲ್ ಕೊಟ್ಟ ಪ್ರಶಸ್ತಿ ಪತ್ರ. ಆದರೆ ಬೆಳಿಗ್ಗೆ ಹೋಗಿ ಗೇಟ್ ತೆಗೆದರೆ, ಹೊರಗೆ ನಿಂತ ಯಾವುದಾದರೂ ಒಂದು ಕಾರಿನ ಬಾನೆಟ್ಟಿನ ಮೇಲೆ, ಇಬ್ಬನಿಯಲ್ಲಿ, ಆ ಎರಡು ಅಂಗೈಗಳು ಇರುತ್ತಿದ್ದವು. ಒರೆಸಿದರೆ ಹೋಗುತ್ತಿದ್ದವು. ಮಾರನೇ ದಿನ ಬೇರೆ ಕಾರು. ಹೆಂಡತಿಗೆ ಹೇಳಲಿಲ್ಲ. ಯಜಮಾನನಾದವನು ಎಲ್ಲರಿಗಿಂತ ಮೊದಲು ಬಂದು ತಾನೇ ಕಾರು ಒರೆಸುತ್ತಾನಲ್ಲ ಎಂದು ಕೆಲಸದವರು ಮೆಚ್ಚಿಕೊಂಡರು.

ಕಳೆದ ವರ್ಷ ಒಬ್ಬ ಹುಡುಗ ಮುಂಭಾಗ ಜಜ್ಜಿಹೋದ ಕಾರು ತಂದು, ಕಾಂಗರೂ ಅಡ್ಡ ಬಂತು ಎಂದ. ಶಶಿ ಡೆಂಟಿನ ಮೇಲೆ ಕೈಯಾಡಿಸಿ, ಒಳಗೆ ಹೋಗಿ ಪೊಲೀಸರಿಗೆ ಫೋನ್ ಮಾಡಿದ. ಸೈಕಲ್ಲಿನಲ್ಲಿ ಹೋಗುತ್ತಿದ್ದ ಮುದುಕನೊಬ್ಬನನ್ನು ಕೆಡವಿ ಬಂದಿದ್ದ ಆ ಹುಡುಗ ಅಲ್ಲಿಯ ದೊಡ್ಡ ಪೊಲೀಸ್ ಅಧಿಕಾರಿಯೊಬ್ಬನ ಮಗನೆಂದು ಆಮೇಲೆ ಗೊತ್ತಾಯಿತು. ತನ್ನ ವರ್ಕ್‌ಶಾಪ್ ಮುಚ್ಚಿಸುತ್ತಾರೆ ಎಂದುಕೊಂಡು ಶಶಿ ಒಂದು ತಿಂಗಳು ಕಾದ. ಯಾರೂ ಬರಲಿಲ್ಲ. ಕೋರ್ಟಿನಲ್ಲಿ ಸಾಕ್ಷಿ ಹೇಳಿದ, ಹುಡುಗನಿಗೆ ಶಿಕ್ಷೆಯಾಯಿತು, ಅಪ್ಪನಾದವನು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಇಷ್ಟೇನಾ, ಇಷ್ಟು ಸುಲಭವಾ ಎಂದು ಶಶಿಗೆ ಮೈಯೆಲ್ಲ ಉರಿಯಿತು. ಅವತ್ತಿನಿಂದ ಅಂಗೈಗಳು ಒರೆಸಿದರೂ ಹೋಗದಾದವು.

ಅದಕ್ಕೇ ಅವನು ಈಗ ಕಲಾಳ ಬಾಗಿಲಿಗೆ ಬಂದದ್ದು. ಕಲಾ ಹೊನ್ನವ್ವನ ಒಬ್ಬಳೇ ಮಗಳು. ಅಮ್ಮ ಸತ್ತಾಗ ಹದಿನಾಲ್ಕು ವರ್ಷ, ಈಗ ಸುಂಕದಕಟ್ಟೆಯ ಗಾರ್ಮೆಂಟ್ಸಿನಲ್ಲಿ ಕೆಲಸ. ಅವನು ಹೇಳಿದ್ದನ್ನೆಲ್ಲ ಬಾಗಿಲಿಗೆ ಒರಗಿ ಕೇಳಿದಳು. ಅಳಲಿಲ್ಲ, ಬೈಯಲೂ ಇಲ್ಲ. ಒಳಗೆ ಹೋಗಿ ಪ್ಲಾಸ್ಟಿಕ್ ಕವರಿನಿಂದ ಪೊಲೀಸರ ಕಾಗದವೊಂದನ್ನು ತಂದು, ಒಂದು ಸಾಲಿನ ಮೇಲೆ ಬೆರಳಿಟ್ಟಳು. ಮೃತಳು ಮದ್ಯಪಾನ ಮಾಡಿ ರಸ್ತೆಯ ಮಧ್ಯಕ್ಕೆ ಬಂದಿದ್ದರಿಂದ ಅಪರಿಚಿತ ಲಾರಿ ಡಿಕ್ಕಿಯಾಗಿ ಎಂದೆಲ್ಲ ಅಲ್ಲಿ ಬರೆದಿತ್ತು.

"ಶಶಿ ಅಣ್ಣ, ನಮ್ಮಮ್ಮ ಕುಡೀತಿದ್ಲಾ?"

"ಇಲ್ಲ ಕಣಮ್ಮ. ರೋಡ್ ಮಧ್ಯನೂ ಇರ್ಲಿಲ್ಲ. ಪೆಟ್ಟು ಬಿದ್ದಿದ್ದು ಕಾರಿನ ಎಡಗಡೆ. ಅವ್ರು ಅಂಚಲ್ಲಿ ಗುಡಿಸ್ತಾ ಇದ್ರು. ಕಾರೇ ಅವ್ರ ಮೇಲೆ ಹೋಗಿದ್ದು."

ಕಲಾ ಆ ಸಾಲಿನ ಮೇಲಿಂದ ಬೆರಳು ತೆಗೆಯಲಿಲ್ಲ.

"ಎರಡು ಸಂಬಂಧ ಮುರಿದು ಹೋಯ್ತಣ್ಣ, ಕುಡುಕಿ ಮಗಳು ಅಂತ. ನಂಗೆ ಯಾರ್ನೂ ಜೈಲಿಗೆ ಹಾಕ್ಸೋದು ಬೇಡ. ಈ ಸಾಲು ಹೋಗ್ಬೇಕು, ಅಷ್ಟೇ. ನೀವು ಹೇಳಿದ್ದನ್ನ ಬರ್ಕೊಡ್ತೀರಾ?"

"ಬರ್ಕೊಡ್ತೀನಿ. ಸೈನ್ ಸ್ಟೇಷನ್ನಲ್ಲೇ, ಅವ್ರ ಮುಂದೇನೇ ಹಾಕ್ತೀನಿ," ಎಂದ.

ಅವಳ ಮನೆಯ ಚಾಪೆಯ ಮೇಲೆ ಕೂತು ನಾಲ್ಕು ಪುಟ ಬರೆದ. ಕಲಾ ಅನ್ನ ಬಡಿಸಿದಳು, ಉಂಡ. ಒಂಬತ್ತು ವರ್ಷದಲ್ಲಿ ಅವನ ಎದೆ ಅಷ್ಟು ಹಗುರವಾಗಿದ್ದಿಲ್ಲ.

ಮಾರನೇ ದಿನ ಹನ್ನೊಂದಕ್ಕೆ ಇಬ್ಬರೂ ಸ್ಟೇಷನ್ನಿಗೆ ಹೋದರು. ಕಾಂಪೌಂಡಿನ ಉದ್ದಕ್ಕೂ ಜಪ್ತಿ ಮಾಡಿದ ಗಾಡಿಗಳು ಧೂಳು ಹೊದ್ದು ನಿಂತಿದ್ದವು. ಶಶಿ ಒಂದರ ಬಾನೆಟ್ಟನ್ನೂ ನೋಡದೆ ನೆಟ್ಟಗೆ ಒಳಗೆ ಹೋದ. ಲಕ್ಷ್ಮೀಪತಿ ಬಡ್ತಿಯ ಮೇಲೆ ಬಡ್ತಿ ಪಡೆದು ಎಲ್ಲೋ ಸುಖವಾಗಿದ್ದ. ಈಗಿನ ಇನ್‌ಸ್ಪೆಕ್ಟರ್ ಸುಧೀಂದ್ರ, ಇನ್ನೂ ಚಿಕ್ಕ ವಯಸ್ಸು, ಬೆಣ್ಣೆಯಂಥ ಮಾತು. ಮೆಲ್ಬರ್ನ್ ಎಂದು ಕಿವಿಗೆ ಬಿದ್ದದ್ದೇ ತಡ, ಶಶಿಗೆ ಕುರ್ಚಿ ಬಂತು, ಕಾಫಿ ಬಂತು. ಕಲಾಗೆ ಎರಡೂ ಬರಲಿಲ್ಲ. ಅವಳು "ನಮಸ್ಕಾರ ಸಾರ್," ಎಂದು ಗೋಡೆಗೆ ಒತ್ತಿ ನಿಂತಳು. ಶಶಿ ಅದನ್ನು ನೋಡಿದ. ನೋಡಿಯೂ ಕೂತ.

ಸುಧೀಂದ್ರ ನಾಲ್ಕೂ ಪುಟಗಳನ್ನು ಗಮನವಿಟ್ಟು ಓದಿದ.

"ಚೆನ್ನಾಗಿ ಬರ್ದಿದೀರ ಸಾರ್. ನಿಜಾನೂ ಇರ್ಬೋದು. ಆದ್ರೆ ಇದನ್ನ ತಗೊಂಡ್ರೆ ಮೊದಲ್ನೇ ಆರೋಪಿ ನೀವೇ ಆಗ್ತೀರ. ಸಾಕ್ಷ್ಯ ನಾಶ. ಆ ಕಾರು ಎಲ್ಲಿದ್ಯೋ, ಆ ಹುಡುಗ ಎಲ್ಲಿದಾನೋ. ಕೈಗೆ ಸಿಗೋರು ನೀವೊಬ್ರೇ."

"ಗೊತ್ತು ಸಾರ್. ಕೇಸ್ ಹಾಕಿ."

"ಯಾಕ್ ಸಾರ್ ಹಾಕ್ಬೇಕು? ಇಷ್ಟು ಮೇಲೆ ಬಂದಿದೀರ. ನಿಮ್ಮಂಥೋರ್ನ ನಾವು ಕಾಪಾಡ್ಬೇಕು." ಸುಧೀಂದ್ರ ನಗುತ್ತಾ ಒಂದು ಚೀಟಿಯಲ್ಲಿ ನಂಬರ್ ಬರೆದ. "ನಮ್ಮ ಅಕ್ಕನ ಮಗಳು ಕೋಕಿಲಾ ಅಂತ. ಫೆಬ್ರವರಿಗೆ ನಿಮ್ಮೂರಿಗೇ ಓದಕ್ಕೆ ಬರ್ತಾ ಇದಾಳೆ. ಉಳ್ಕೊಳಕ್ಕೆ ಒಂದು ಒಳ್ಳೆ ಜಾಗ ನೋಡ್ಕೊಡಿ."

ಶಶಿ ಚೀಟಿಯನ್ನು ತಗೊಂಡು ಜೇಬಿಗೆ ಹಾಕಿಕೊಂಡ. ಹಾಕಿಕೊಂಡ ಮೇಲೆ ತಾನೇನು ಮಾಡಿದೆ ಎಂದು ಹೊಳೆಯಿತು.

"ಫ್ಲೈಟ್ ಯಾವಾಗ ಸಾರ್?"

"ಭಾನುವಾರ."

"ಇದಕ್ಕೆ ಸೈನ್ ಹಾಕಿದ್ರೆ ಭಾನುವಾರ ಹೋಗಲ್ಲ. ಈ ವರ್ಷ ಹೋಗ್ತೀರ ಅಂತಾನೂ ಹೇಳಕ್ಕಾಗಲ್ಲ." ಅವನು ತನ್ನ ಜೇಬಿನ ಪೆನ್ನು ತೆಗೆದು ಕಾಗದದ ಮೇಲಿಟ್ಟ. "ಹಾಕ್ತೀರಾ?"

ಮಗಳ ಸ್ಕೂಲು, ವರ್ಕ್‌ಶಾಪಿನ ಗೇಟು, ಆರು ಜನ ಕೆಲಸದವರು, ಎಲ್ಲ ಒಟ್ಟಿಗೆ ಬಂದು ಶಶಿಯ ಎದೆಯ ಮೇಲೆ ಕೂತವು. ಅವನ ಕೈ ಪೆನ್ನನ್ನು ಪಕ್ಕಕ್ಕೆ ಸರಿಸಿ, ಕಾಗದಗಳನ್ನು ಮಡಿಸಿತು. "ನಾಳೆ ಬರ್ತೀನಿ ಸಾರ್," ಎಂದ. ಸುಧೀಂದ್ರ ಎದ್ದು ನಿಂತು ಕೈ ಕುಲುಕಿದ.

ಹೊರಗೆ ಗೇಟಿನ ಹತ್ತಿರ ಕಲಾ ನಿಂತಳು.

"ಅಣ್ಣ, ನೀವು ಭಾನುವಾರ ಹೊರಟುಬಿಡಿ. ನಾನು ಸೋಮವಾರ ಕೊಡ್ತೀನಿ. ತಗೊಳ್ದಿದ್ರೆ ಕೋರ್ಟಿಗೆ ಹೋಗ್ತೀನಿ. ಸೈನ್ ಒಂದು ಹಾಕ್ಕೊಡಿ, ಮಿಕ್ಕಿದ್ದು ನಾನು ನೋಡ್ಕೋತೀನಿ."

ಅವಳು ಕೈ ಚಾಚಿದಳು. ಅವನಿಗೆ ಬೇಕಾದಷ್ಟು ದಾರಿಯನ್ನು ಅವಳೇ ಮಾಡಿಕೊಟ್ಟಿದ್ದಳು. ಆದರೆ ಸೈನ್ ಹಾಕಿದರೆ ಮತ್ತೆ ಈ ಊರಿಗೆ ಬರುವ ಹಾಗಿಲ್ಲ, ಸುದ್ದಿ ಅಲ್ಲಿಗೂ ಬಂದರೆ ವೀಸಾ ಏನಾಗುತ್ತದೋ ಎಂದು ಅವನ ತಲೆ ಆಗಲೇ ಲೆಕ್ಕ ಹಾಕುತ್ತಿತ್ತು. ಆ ಲೆಕ್ಕಕ್ಕೆ ಅವನಿಗೇ ಅಸಹ್ಯವಾಯಿತು. ಅಸಹ್ಯವಾದರೂ ಅದು ನಿಲ್ಲಲಿಲ್ಲ.

"ಅಲ್ಲಿ ಒಬ್ಬ ಲಾಯರ್‌ನ ಕೇಳಿ, ಸೈನ್ ಹಾಕಿ ಕಳಿಸ್ತೀನಿ ಕಲಾ. ಖಂಡಿತ ಕಳಿಸ್ತೀನಿ."

ಅವಳು ಅವನ ಮುಖವನ್ನು ಒಂದು ಸಲ ಪೂರ್ತಿ ನೋಡಿ, ಚಾಚಿದ ಕೈಯನ್ನು ಹಿಂದಕ್ಕೆ ತಗೊಂಡಳು.

"ಆಯ್ತು ಸಾರ್," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ, ದೊಡ್ಡವರಿಗೆ ಬಿಡುವ ಹಾಗೆ, ಗೇಟಿನಲ್ಲಿ ಅವನಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತಳು.